ಬಾಗಿಲ ಮೊಳೆಯ ನಕ್ಷೆ

ಶಹಾಪುರದ ಪವರ್‌ಲೂಮ್ ಓಣಿಯಲ್ಲಿ ಮಗ್ಗ ರಿಪೇರಿಯ ಗುರುಸಿದ್ದಪ್ಪ ನೆಮ್ಮದಿಯಿಂದ ಉಂಡದ್ದನ್ನು ನಾನಂತೂ ಕಂಡಿಲ್ಲ. ಸೀರೆಯಂಚಿನ ಹೂವನ್ನು ಮಗ್ಗಕ್ಕೆ ಕಲಿಸುವುದು ಮರದ ಪಟ್ಟಿಗಳ ಒಂದು ಸರ; ನೇಕಾರರ ಬಾಯಲ್ಲಿ ಅದೇ ನಕ್ಷೆ. ಪಟ್ಟಿಯಲ್ಲಿ ಗೂಟವಿದ್ದಲ್ಲಿ ನೂಲು ಏಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಉಳಿದವರು ಇಂಥ ಸರವನ್ನು ಬಚ್ಚಿಟ್ಟುಕೊಂಡರೆ ಇವನು ತನ್ನದನ್ನು ಬಾಗಿಲ ಮೊಳೆಗೆ ನೇತುಹಾಕಿದ್ದಾನೆ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಮನಸ್ಸಿಗೆ ಬಂದಂತೆ ತಿದ್ದಬಹುದು. ತಿದ್ದಿದ್ದನ್ನು ಬಂದು ಎಲ್ಲರಿಗೂ ತೋರಿಸಬೇಕು, ಅಷ್ಟೇ ಕರಾರು. ಇಷ್ಟು ವರ್ಷದಲ್ಲಿ ತೋರಿಸಿದವರಿಲ್ಲ. ಹೂವನ್ನು ನವಿಲು ಮಾಡಲು ಹೋಗಿ ಮಗ್ಗ ನಿಲ್ಲಿಸಿಕೊಂಡವರು ಮಾತ್ರ ಸರಿಯಾಗಿ ಇವನು ರೊಟ್ಟಿ ಮುರಿಯುವ ಹೊತ್ತಿಗೆ ಬರುತ್ತಾರೆ: "ನಿಮ್ಮ ನಕ್ಷಿ ಕೈ ಕೊಟ್ಟೈತ್ರಿ!" "ಹೌದ್ರಿ, ಕೆಡಿಸಾವ್ರು ನೀವು, ಬೈಸ್ಕೊಳ್ಳಾಂವ ನಾನು," ಎಂದು ನಿಟ್ಟುಸಿರಿಟ್ಟು ಕೈ ತೊಳೆದು ಏಳುತ್ತಾನೆ. ಓಣಿಯ ದೊಡ್ಡ ಮಗ್ಗದ ಮಾಲೀಕರು ಪರಪ್ಪ ಶೇಟರಂತೂ ನಕಲು ಮಾಡಿಕೊಂಡ ಅದೇ ನಕ್ಷೆಗೆ ತಗಡಿನ ಮುಚ್ಚಳ ಹಾಕಿ, ಕೀಲಿ ಜಡಿದು, "ಇದು ನಮ್ಮ ಮನಿ ನಕ್ಷಿ" ಎಂದು ಸಾರಿದರು. ಮೊನ್ನೆ ಕೋವಾಡದ ಪೇಟೆಯಿಂದ ಅವರ ಸೀರೆಗಳು ವಾಪಸು ಬಂದವು. ಅಂಚಿನ ಹಿಂದಿನ ಎಳೆ ಬಳೆಗೆ ಸಿಕ್ಕಿ ಕಿತ್ತು ಬರುತ್ತಿತ್ತು. ಕರೆ ಹೋದದ್ದು ಗುರುಸಿದ್ದಪ್ಪನಿಗೇ. ಸಡಿಲ ಎಳೆಯನ್ನು ನಡುವೆ ಹಿಡಿದಿಡುವಂತೆ ಒಂದು ಗೂಟ ಹೆಚ್ಚಿಗೆ ಹೊಡೆದು ಸರಿಮಾಡಿದ. "ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದರು ಶೇಟರು. ಮನೆಯಲ್ಲಿ ಹೆಂಡತಿ ಗೌರವ್ವ ತಾಟು ಮುಂದಿಟ್ಟಳು, ಇವನು ಕುಳಿತುಕೊಳ್ಳಲಿಲ್ಲ. ಬಾಗಿಲಿಗೆ ಹೋಗಿ, ಮೊಳೆಯ ಮೇಲಿನ ಸರದಲ್ಲೂ ಅದೇ ಜಾಗದಲ್ಲಿ ಗೂಟ ಹೊಡೆಯತೊಡಗಿದ. "ಕೀಲಿ ಹಾಕಿದವರ ಕೆಲಸಾನೂ ನಿಮಗ ಬೇಕೇನ್ರಿ?" ಎಂದಳು ಅವಳು. "ತಪ್ಪು ಅವರದಲ್ಲ, ಮೊದಲಿಂದ ನಂದ ಐತಿ. ಓಣಿಯೆಲ್ಲಾ ಅದನ್ನ ನೇಯಾಕತ್ತೈತಿ," ಎಂದ. "ನಾಳಿ ಎಲ್ಲಾರೂ ಉಣ್ಣೂ ಹೊತ್ತಿಗೆ ನಾ ಗೂಟ ಹಿಡ್ಕೊಂಡು ಮನಿ ಮನಿಗೆ ಹೋಗಬೇಕು."