ಮೋಶೆಯ ಕಾನೂನು, ಬ್ಯಾಡಗಿಯ ಮನೆ

ಎಪ್ಪತ್ತು ದಾಟಿದವನಿಗೆ ಪಾಪ ಮಾಡುವ ಶಕ್ತಿ ಉಳಿದಿರುವುದಿಲ್ಲ ಎಂದು ಜನ ನಂಬಿದ್ದಾರೆ. ಆಸೆಪಡುವುದಕ್ಕೆ ಶಕ್ತಿ ಬೇಕಿಲ್ಲ, ಅದು ಕೂತಲ್ಲೇ ಆಗುವ ಕೆಲಸ. ನನಗೆ ಬ್ಯಾಡಗಿಯ ಅವ್ವನ ಮನೆ ಪೂರ್ತಿ ಬೇಕಾಗಿತ್ತು.

ಅವ್ವ ತೀರಿಕೊಂಡ ಮೇಲೆ ಉಳಿದವರು ನಾನು ಮತ್ತು ತಂಗಿ ರೋಸಾ. ಅವಳು ವಿಧವೆ, ರಾಣೆಬೆನ್ನೂರಿನಲ್ಲಿ ಬಾಡಿಗೆ ಕೋಣೆ. ಕ್ರೈಸ್ತರಲ್ಲಿ ಮಗನಿಗೂ ಮಗಳಿಗೂ ಸಮಪಾಲು ಎನ್ನುತ್ತದೆ ಸರ್ಕಾರದ ಕಾನೂನು. ಅದು ನನಗೆ ಸರಿಬರದೆ, ಅದಕ್ಕಿಂತ ಹಿರಿದಾದ ಮೋಶೆಯ ಕಾನೂನಿಗೆ ಹೋದೆ. ಎಂಥ ಸೊಗಸಾದ ಕಾನೂನು! ಇಸ್ರಾಯೇಲರಲ್ಲಿ ಹಿರಿಯ ಮಗನಿಗೆ ಎರಡು ಪಾಲು. ಚಲ್ಪಹಾದನೆಂಬವನ ಐವರು ಹೆಣ್ಣುಮಕ್ಕಳು ಎಲ್ಲರೆದುರು ನಿಂತು ಕೇಳಿ ತಂದೆಯ ಭೂಮಿ ಪಡೆದರು, ನಿಜ. ಆದರೆ ಅವರಿಗೆ ಅಣ್ಣ ಇರಲಿಲ್ಲ. ರೋಸಾಳಿಗೆ ನಾನಿದ್ದೇನಲ್ಲ!

ನಮ್ಮ ಕಡೆ ತಂಗಿ ಹಕ್ಕು ಬಿಟ್ಟುಕೊಡುವಾಗ ಉಡಿ ತುಂಬಿ ಕಳಿಸುತ್ತಾರೆ. ಸೀರೆ, ಖಣ, ಅಕ್ಕಿ, ಕೊಬ್ಬರಿ ಹೊಂದಿಸಿ ಅವಳನ್ನು ಕರೆಸಿ, ಮೋಶೆಯ ಕಾನೂನನ್ನೂ ವಿವರಿಸಿದೆ. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ ಎಂಬುದು ಮರೆತೇಹೋಗಿತ್ತು. ಕ್ರೈಸ್ತರಾದ ಮೇಲೂ ಆ ಕೆಟ್ಟ ಕಟ್ಟಳೆಯನ್ನು ನಾವು ಬಿಟ್ಟಿಲ್ಲ.

ರೋಸಾ ಸೀರೆ ಮುಟ್ಟಲಿಲ್ಲ.

"ಅವರು ಹೋದಾಗಿಂದ ಯಾರೂ ನನಗ ಉಡಿ ತುಂಬಿಲ್ಲೋ ಅಣ್ಣಾ. ನೀನೂ ತುಂಬಿಲ್ಲ. ಇವತ್ತ ಮನಿ ಬೇಕಾಗೇತಿ, ತುಂಬಾಕ ಬಂದಿ."

"ಹಂಗಲ್ಲವಾ..."

"ಮೋಶೆಗೂ ಒಬ್ಬಾಕಿ ಅಕ್ಕ ಇದ್ಲಲ್ಲ? ಕೂಸಿದ್ದಾಗ ಅವನ ಬುಟ್ಟಿ ಕಾಯ್ಕೊಂತ ನದಿ ದಂಡ್ಯಾಗ ನಿಂತಿದ್ಲು. ಆಕಿಗೆ ಏನ ಕೊಟ್ಟ ಕೇಳಿ ಬಾ."

ಸಿಕ್ಕ ಬಸ್ಸಿಗೆ ಹೊರಟುಹೋದಳು.

ಹಾವೇರಿಯ ಚರ್ಚಿಗೆ ಹೋಗಿ ಫಾದರ್ ಎದುರು ಪಾಪನಿವೇದನೆಗೆ ಮೊಣಕಾಲೂರಿದೆ. ಏಳುವುದು ಹೇಗೆಂಬ ಚಿಂತೆ ಅದಾಗಲೇ ಶುರುವಾಗಿತ್ತು. ಎಲ್ಲ ಹೇಳಿ, ಕಾನೂನನ್ನೂ ಮೆಲ್ಲಗೆ ಮುಂದಿಟ್ಟೆ.

"ಅಜ್ಜಾರ," ಎಂದರು ಫಾದರ್, "ಕುಲದ ಭೂಮಿ ಕುಲ ಬಿಟ್ಟು ಹೋಗಬಾರದು ಅಂತ ಆ ಕಾನೂನು. ಜ್ಞಾನಸ್ನಾನ ಆದಮ್ಯಾಲೆ ನೀವೂ ನಿಮ್ಮ ತಂಗೀನೂ ಒಂದ ಕುಲ. ಆಕಿಗೆ ಕೊಟ್ರ ಎಲ್ಲಿ ಹೊರಗ ಹೋತ್ರಿ? ಮೊದಲಿಗೆ ಆಕಿ ಪಾಲು ಕೊಡ್ರಿ, ಆಮ್ಯಾಲೆ ಜಪ."

ಈಗ ಬೀದಿ ಕಡೆಯ ಅರ್ಧ ರೋಸಾಳದು, ಹಿತ್ತಲ ಕಡೆಯದು ನನ್ನದು. ಬೆಳಗಾದರೆ ಅವಳು ಮೆಣಸಿನಕಾಯಿ ಕುಟ್ಟುತ್ತಾಳೆ, ನಾನು ಕೆಮ್ಮುತ್ತೇನೆ, ಅವಳು ಬಯ್ಯುತ್ತಾಳೆ. ಸಾಕಾಗಿಹೋಗಿದೆ. ಆದರೆ ಸ್ವರ್ಗರಾಜ್ಯಕ್ಕೆ ನಾವೆಲ್ಲ ಸಮಾನ ವಾರಸುದಾರರು ಎನ್ನುತ್ತದೆ ನಮ್ಮ ಧರ್ಮಸಭೆ. ಅಂದರೆ ಅಲ್ಲಿಯೂ ಹಿರಿಯ ಮಗನಿಗೆ ಬೇರೆ ಕೋಣೆಯಿಲ್ಲ, ಯುಗಯುಗಾಂತರಕ್ಕೂ ರೋಸಾಳ ಪಕ್ಕದಲ್ಲೇ. ಇಲ್ಲಿಂದಲೇ ರೂಢಿಯಾಗುವುದು ಒಳ್ಳೆಯದು.