ಟಕ್ ಅನ್ನದ ಗ್ರಾಫಿಕ್ಸ್ ಕಾರ್ಡ್

ಗೆಳೆಯರೇ, ನನ್ನ ಕಂಪ್ಯೂಟರಿನ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿದ್ದ ಪವರ್ ವೈರಿನ ಪ್ಲಗ್ ಇವತ್ತು ಬೆಳಿಗ್ಗೆ ಕರಗಿಹೋಯಿತು. ಶಿವಾಜಿನಗರದ ರಿಪೇರಿ ಅಂಗಡಿಗೆ ಓಡಿದೆ. ತರಕಾರಿಗೆಂದು ಅಮ್ಮನೂ ಜೊತೆಗೆ ಬಂದಳು. ಕಂಪನಿಯ ಡಿಸೈನೇ ಸರಿಯಿಲ್ಲ ಎಂದು ಅಲ್ಲಿ ಭಾಷಣ ಶುರುಮಾಡಿದೆ.

ಅಂಗಡಿಯ ನಯೀಮ್ ಭಾಯ್ ಪ್ಲಗ್ ನೋಡಿ, "ಡಿಸೈನ್ ಆಮೇಲೆ ಸಾರ್, ನೀವು ಪೂರ್ತಿ ಒತ್ತೇ ಇಲ್ವಲ್ಲ! ಗ್ಯಾಸ್ ರೆಗ್ಯುಲೇಟರ್ ಥರ ಟಕ್ ಅನ್ಬೇಕು," ಎಂದರು.

"ದುಬಾರಿ ವಸ್ತು ಅಂತ ಮೆಲ್ಲಗೆ ಒತ್ತಿದೆ."

ಅಮ್ಮ ನನ್ನನ್ನೇ ನೋಡಿದಳು. ಕಾರ್ಡ್ ಜೋಡಿಸಿದ ದಿನ ಅವಳು ರೆಗ್ಯುಲೇಟರಿನ ಇದೇ ಮಾತು ಹೇಳಿದಾಗ, "ಇದು ಅಡುಗೆಮನೆ ಅಲ್ಲಮ್ಮಾ," ಎಂದಿದ್ದೆ.

ಪುಣ್ಯಕ್ಕೆ ಕಾರ್ಡ್ ಉಳಿದಿದೆ. ಮನೆಗೆ ಬಂದು ಹೊಸ ವೈರಿನ ಪ್ಲಗನ್ನು ಅಮ್ಮನೇ ಒತ್ತಿದಳು. ಟಕ್ ಅಂತು. ಈಗ ಗ್ಯಾಸ್ ಸಿಲಿಂಡರ್ ಬದಲಿಸಿದಾಗ ಮಾಡುವ ಹಾಗೆ ಬಟ್ಟಲಲ್ಲಿ ಸೋಪಿನ ನೀರು ತಂದಿದ್ದಾಳೆ: "ಲೀಕ್ ಒಂದು ನೋಡ್ಬಿಡೋಣ, ಜರುಗು."

ಕಂಪ್ಯೂಟರಿಗೆ ಅಡ್ಡ ನಿಂತೇ ಮೊಬೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ.