ಸತ್ತ ಮುಸಿಯಕ್ಕೆ ಅರಿಸಿನದ ನೀರು

ಕರಿಮೋರೆಯ ಮುಸಿಯಗಳ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ಹಂಚು ಸರಿಸುತ್ತಿದ್ದವು, ಅವರೆ ಬಳ್ಳಿ ಕಿತ್ತು ಹಾಕುತ್ತಿದ್ದವು. ಆದರೂ ಹಳಿಯಾಳದ ಕಾಡಂಚಿನ ನಮ್ಮ ಊರಲ್ಲಿ ಮಂಗಗಳನ್ನು ಕಾಯುವ ಗುಂಪು ಕಟ್ಟಿದಾಗ ಮೊದಲು ಸೇರಿದವಳು ನಾನೇ. ಬೈಯುವವಳೇ ಕಾಯುವವಳಾದಳು ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ವಿಷ ಇಡಬಾರದು, ಪಟಾಕಿ ಹಚ್ಚಿ ಓಡಿಸಬಾರದು ಎಂದು ಮನೆಮನೆಗೆ ಹೋಗಿ ಒಪ್ಪಿಸಿದೆವು.

ಈ ಸಲ ಬೇಸಿಗೆಗೆ ಮೊದಲೇ ಕಾಡು ಸುಮ್ಮನಾಯಿತು. ಚಿರತೆ ಸುಳಿದರೆ ಕೂಗುತ್ತಿದ್ದ ಮುಸಿಯಗಳ ದನಿಯೇ ಇಲ್ಲ. ಕೀಳಲು ಒಂದು ಮಂಗವೂ ಬರದೆ ಅವರೆಕಾಯಿ ಬಳ್ಳಿಯಲ್ಲೇ ಬಲಿತು ಒಣಗಿತು. ಅದನ್ನು ಬಿಡಿಸುವಾಗ ನನಗೆ ಹೆದರಿಕೆಯಾಯಿತು.

ಅರಣ್ಯ ಇಲಾಖೆಯವರು ದಾಂಡೇಲಿಯಲ್ಲಿ ಇಂಥ ಗುಂಪುಗಳ ಸಭೆ ಕರೆದರು. ಮಂಗನ ಕಾಯಿಲೆ ಇರಬಹುದು, ಸತ್ತ ಮಂಗವನ್ನು ಮುಟ್ಟಬೇಡಿ, ಅದರ ಮೈಯ ಉಣ್ಣಿ ಕಚ್ಚಿದರೆ ಜ್ವರ ಬಂದು ಜೀವಕ್ಕೇ ಅಪಾಯ ಎಂದರು. ನಮ್ಮೂರಲ್ಲಿ ಸತ್ತ ಮುಸಿಯವೆಂದರೆ ಮಾರುತಿಯೇ. ಅರಿಸಿನದ ನೀರೆರೆದು, ಹೊಸ ಬಟ್ಟೆ ಹೊದಿಸಿ, ಗುಡಿಯ ಹಿಂದೆ ಮಣ್ಣು ಮಾಡುತ್ತೇವೆ. ನೀರೆರೆಯುವವರು ಯಾವಾಗಲೂ ನಮ್ಮತ್ತೆ. ಅವರಿಗೆ ಹೇಗೆ ಹೇಳಲಿ ಎಂದು ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಯೋಚಿಸಿದೆ.

ಮನೆಗೆ ಬಂದರೆ ಅಂಗಳವೆಲ್ಲ ಒದ್ದೆ, ಅರಿಸಿನದ ಬಣ್ಣ. ಮಧ್ಯಾಹ್ನ ಒಂದು ಮುಸಿಯ ನಮ್ಮ ಮಾವಿನ ಮರದಿಂದ ಬಿದ್ದು ಸತ್ತಿತ್ತಂತೆ. ಅತ್ತೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರೆರೆದಿದ್ದರು. ನಾನು ಕೂಗಾಡಿದೆ. ಅವರ ಸೀರೆಯನ್ನು ಕುದಿಯುವ ನೀರಿಗೆ ಹಾಕಿದೆ, ಕೂದಲು ಬಿಚ್ಚಿ ಹುಡುಕಿದೆ. ಕಿವಿಯ ಹಿಂದೆ ಎಳ್ಳಿಗಿಂತ ಸಣ್ಣದೊಂದು ಉಣ್ಣಿ ಕಚ್ಚಿಕೊಂಡಿತ್ತು.

"ಹಂಗ ಬಿಸಿಲಾಗ ಬಿಡಾಕ ಬರ್ತೈತೇನ? ಕಾಯ್ತೇವಿ ಅಂದವರು ನೀವ," ಎಂದರು ಅತ್ತೆ.

ಜ್ವರ ಬಂದರೆ ಕೂಡಲೇ ಕರೆತನ್ನಿ ಎಂದು ದವಾಖಾನೆಯಲ್ಲಿ ಹೇಳಿದರು. ದಿನಾ ಬೆಳಿಗ್ಗೆ ಎದ್ದು ಮೊದಲು ಅವರ ಹಣೆ ಮುಟ್ಟುತ್ತಿದ್ದೆ. ತಣ್ಣಗಿದ್ದರೆ ಹೋಗಿ ಚಹಾಕ್ಕಿಡುತ್ತಿದ್ದೆ. ಇಷ್ಟು ಪ್ರೀತಿ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಎಂದು ಅವರು ಗೇಲಿ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಹತ್ತಿರ ಹೋಗುವ ಮೊದಲೇ ಅತ್ತೆ ಕೈ ಅಡ್ಡ ಹಿಡಿದರು. ಕಣ್ಣು ಕೆಂಪಾಗಿದ್ದವು.

"ದೂರ ನಿಲ್ಲವಾ. ಮುಟ್ಟಬಾರ್ದು ಅಂತ ನೀನ ಹೇಳಿದಿ."

ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂದೆ. ಅವರು ನಂಬಲಿಲ್ಲ. ದವಾಖಾನೆಯ ಗಾಡಿ ಬರುವ ತನಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ಅಂಗಳದಲ್ಲಿ ಮಾವಿನ ಮರದಿಂದ ಏನೋ ಭಾರವಾಗಿ ಬಿದ್ದ ಸದ್ದಾಯಿತು. ಅತ್ತೆ ಏಳಲು ಹೋದರು. ನಾನು ಬಿಡಲಿಲ್ಲ.